ರೈಟರ ಗಿಟಾರಿನ ಕಾಯಿಲು

ನಾನು ಮೋಟಾರ್ ರಿವೈಂಡಿಂಗ್ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂಡಿಗೆರೆಯ ಒಂದು ಅಂಗಡಿಯಲ್ಲಿ ಸುಟ್ಟ ಮೋಟಾರಿನ ತಾಮ್ರ ಕೀಳುವುದರಿಂದ ಶುರು ಮಾಡಿದೆ. ಈಗ ಬಣಕಲ್‌ನಲ್ಲಿ ನನ್ನದೇ ಅಂಗಡಿ. ತೋಟದ ಪಂಪಾಗಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಾಗಲಿ, ಆಗುವುದಿಲ್ಲ ಎಂದು ಯಾವುದನ್ನೂ ವಾಪಸ್ಸು ಕಳಿಸಿದವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಳ್ಳಲು ಬೇರೆ ಸರ್ಟಿಫಿಕೇಟೂ ಇಲ್ಲ.

ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹತ್ತಿದ್ದೂ ಈ ಕೆಲಸದಿಂದಲೇ. ನುಡಿಸಲು ನನಗೆ ಒಂದೆರಡು ಹಾಡಿನ ತುಂಡು ಬಿಟ್ಟರೆ ಏನೂ ಬಾರದು. ಆದರೆ ಅದರ ಹೊಟ್ಟೆಯೊಳಗಿರುವುದು ನನ್ನ ಸಾಮಾನು. ಮೋಟಾರಿನಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲಿಗೆ ಕರೆಂಟು ಕೊಟ್ಟರೆ ಶಾಫ್ಟು ತಿರುಗುತ್ತದೆ. ಗಿಟಾರಿನಲ್ಲಿ ಉಲ್ಟಾ: ಮೇಲಿನ ಉಕ್ಕಿನ ತಂತಿ ನಡುಗಿದರೆ, ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ಕಾಯಿಲಿನಲ್ಲಿ ಇಷ್ಟೇ ಇಷ್ಟು ಕರೆಂಟು ಹುಟ್ಟುತ್ತದೆ. ಅದೇ ಸ್ಪೀಕರಿಗೆ ಹೋಗಿ ಹಾಡಾಗುತ್ತದೆ. ಇದು ತಿಳಿದ ಮೇಲೆ ಒಂದು ಹಳೆಯ ಗಿಟಾರು ಕೊಂಡು, ಬಿಚ್ಚಿ, ಮತ್ತೆ ಕೂಡಿಸಿ ನೋಡಿದ್ದೆ. ಆ ಧೈರ್ಯವೇ ಕೆಲಸ ಕೆಡಿಸಿತು.

ಮೇಲಿನ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರು ತಮ್ಮ ಗಿಟಾರು ತಂದದ್ದು ಕಳೆದ ವರ್ಷ, ಮಳೆ ಹಿಂದೆ ಸರಿದ ಹೊತ್ತಿಗೆ. ಅವರು ಹುಡುಗರಾಗಿದ್ದಾಗಿನಿಂದ ಚರ್ಚಿನಲ್ಲಿ ನುಡಿಸಿಕೊಂಡು ಬಂದವರು. ಮುಂದಿನ ಶುಕ್ರವಾರ ರಿಟೈರ್ ಆಗುವವರಿದ್ದರು. ಕಾಫಿ ಒಣಗಿಸುವ ಕಣದಲ್ಲಿ ಬೀಳ್ಕೊಡುಗೆ, ಅಲ್ಲಿ ತಾವೇ ನುಡಿಸುವುದಾಗಿ ಲೈನು ಮನೆಗಳ ಆಳುಗಳಿಗೆಲ್ಲ ಮಾತು ಕೊಟ್ಟಿದ್ದರು. ಗಿಟಾರಿನಲ್ಲಿ ಎರಡು ಕಾಯಿಲು, ಬೇಕಾದ ಕಡೆ ತಿರುಗಿಸಲು ಒಂದು ಸ್ವಿಚ್ಚು. ಅವರು ಸದಾ ಬಳಸುವ ಕಾಯಿಲು ಕರಕರ ಎನ್ನುತ್ತಿತ್ತು.

ಬಿಚ್ಚಿ ನೋಡಿದರೆ ಕಾಯಿಲಿನ ಒಂದು ತುದಿ ಸಡಿಲವಾಗಿತ್ತು, ಅಷ್ಟೇ. ಒಂದು ಹನಿ ಬೆಸುಗೆ ಹಾಕಿದೆ, ಸರಿಯಾಯಿತು. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಮುಗಿದಿತ್ತು. ಆದರೆ ಆ ತಂತಿಗೆ ವಾರ್ನಿಶ್ ಇರಲಿಲ್ಲ. ನಮ್ಮ ಕಡೆಯ ಥಂಡಿಗೆ ವಾರ್ನಿಶ್ ಇಲ್ಲದ ಕಾಯಿಲು ಉಳಿಯುವುದಿಲ್ಲ ಎನ್ನುವುದು ನನ್ನ ಮೂವತ್ತು ವರ್ಷದ ಪಾಠ. ಮೋಟಾರಿಗೆ ಮಾಡುವ ಹಾಗೆಯೇ ಅದನ್ನೂ ವಾರ್ನಿಶ್‌ನಲ್ಲಿ ಅದ್ದಿ, ದೊಡ್ಡ ಬಲ್ಬುಗಳ ಪೆಟ್ಟಿಗೆಯಲ್ಲಿ ಒಣಗಲು ಇಟ್ಟೆ. ಬೆಳಿಗ್ಗೆ ತೆಗೆದರೆ ಪ್ಲಾಸ್ಟಿಕ್ ಚೌಕಟ್ಟು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಒಳಗೆಲ್ಲೋ ತಂತಿ ತುಂಡಾಗಿತ್ತು.

ಚಿಕ್ಕಮಗಳೂರಿನಿಂದ ಸಣ್ಣ ತಂತಿ ತರಿಸಿದೆ, ಕೂದಲಿಗಿಂತ ತೆಳು. ಹೊಸ ಚೌಕಟ್ಟನ್ನು ಫೈಬರ್ ಹಾಳೆಯಲ್ಲಿ ಕತ್ತರಿಸಿದೆ. ಪಲ್ಪರಿನ ಮೋಟಾರುಗಳು ಸಾಲು ನಿಂತಿದ್ದವು. ಅವನ್ನು ಮುಗಿಸಿ ಇದನ್ನು ಸುತ್ತಲು ಕೂರುವಾಗ ತೋಳು ಸೋತಿರುತ್ತಿತ್ತು. ಏಳೆಂಟು ಸಾವಿರ ಸುತ್ತು ಬೇಕಿತ್ತು, ಒಂದು ಸಾವಿರ ಆಗುವಷ್ಟರಲ್ಲಿ ತಂತಿ ಕಡಿಯುತ್ತಿತ್ತು, ಕಡಿದದ್ದು ಬೆರಳಿಗೆ ಗೊತ್ತೂ ಆಗುತ್ತಿರಲಿಲ್ಲ. ಐದು ಸಲ ಹಾಗೆಯೇ ಆಯಿತು. ಇಷ್ಟು ವರ್ಷ ಪಂಪಿನ ತಂತಿ ಎಳೆದು ದಪ್ಪಗಟ್ಟಿದ ಬೆರಳುಗಳು ಅವು.

ಭಾನುವಾರ ಆಸ್ಟ್ರೇಲಿಯಾದ ಕಾರು ರೇಸು ಇತ್ತು. ಪಕ್ಕದ ಗ್ಯಾರೇಜಿನ ಜೀಪ್ ಮೆಕ್ಯಾನಿಕ್ ನನ್ನ ಹಳೆಯ ಗೆಳೆಯ. ವರ್ಷಕ್ಕೊಮ್ಮೆ ಆ ದಿನ ಬೆಳಗಿನ ನಮಾಜು ಮುಗಿಸಿ ಬರುತ್ತಾನೆ, ನಾನು ಟೀ ಇಡುತ್ತೇನೆ, ಅವನ ಮೊಬೈಲನ್ನು ನನ್ನ ಬೆಂಚಿನಲ್ಲಿ ಸಾಮಾನು ಬಿಗಿಹಿಡಿಯುವ ವೈಸಿಗೆ ಆನಿಸಿ ಮಧ್ಯಾಹ್ನದವರೆಗೂ ನೋಡುತ್ತೇವೆ. ಸಾವಿರ ಕಿಲೋಮೀಟರಿನ ರೇಸು, ಒಂದು ಕಾರಿಗೆ ಇಬ್ಬರು ಡ್ರೈವರು. ಗುಡ್ಡ ಹತ್ತಿ ಇಳಿಯುವ ಆ ರಸ್ತೆಯಲ್ಲಿ ಉಳಿದ ದಿನ ಊರಿನವರೇ ಓಡಾಡುತ್ತಾರಂತೆ. ನಮ್ಮ ಚಾರ್ಮಾಡಿ ಘಾಟಿಯನ್ನು ಬಂದ್ ಮಾಡಿ ರೇಸು ಬಿಟ್ಟ ಹಾಗೆ. ಗೆಳೆಯ ಇಂಜಿನ್ನಿನ ಸದ್ದಿಗೇ ಗೇರು ಹೇಳುತ್ತಾನೆ. ನಾನು ನೋಡುವುದು ಡ್ರೈವರುಗಳನ್ನಲ್ಲ, ರೇಸಿನ ನಡುವೆ ಚಕ್ರ ಬದಲಿಸುವ ಮೆಕ್ಯಾನಿಕ್‌ಗಳನ್ನು. ಟಯರಿಗೆ ಒರಗಿ ಕೂತು, ಕಾರು ಬಂದ ತಕ್ಷಣ ಎದ್ದು ಬಗ್ಗುವ ಅವರ ಬೆನ್ನು ನೋಡಿದರೆ ನನ್ನ ಬೆನ್ನೂ ನೋಯುತ್ತದೆ.

ಸೊಟ್ಟ ಕಾಯಿಲು ಬೆಂಚಿನ ಮೇಲೆಯೇ ಇತ್ತು. ಅವನು ಎತ್ತಿ ನೋಡಿದ.

"ಇದನ್ನೂ ಬೇಯಿಸ್ದ್ಯಾ?" ಎಂದ.

ಎಲ್ಲ ಹೇಳಿದೆ. ನಾಳೆ ರೈಟರು ಬರುತ್ತಾರೆ ಎಂದೂ ಹೇಳಿದೆ. ಏನು ಹೇಳುತ್ತೀಯ ಎಂದು ಕೇಳಿದ.

"ಬರೋವಾಗ್ಲೇ ಒಳಗೆ ಸುಟ್ಟಿತ್ತು ಅಂತೀನಿ."

ಅವನು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಹೇಳು. ನಂಬ್ತಾರೆ. ನೀನ್ ಹೇಳಿದ್ಮೇಲೆ ನಂಬ್ದೆ ಇರ್ತಾರಾ ಮಾರಾಯ."

ಹನ್ನೊಂದರ ಹೊತ್ತಿಗೆ ಮುಂದಿದ್ದ ಒಂದು ಕಾರು ಚಕ್ರ ಸಡಿಲವಾಗಿ ಕುಂಟುತ್ತ ಮೆಕ್ಯಾನಿಕ್‌ಗಳ ಹತ್ತಿರ ವಾಪಸ್ಸು ಬಂತು. ಮೊದಲು ಆ ಚಕ್ರ ಬಿಗಿದಿದ್ದವನು ಹೆಲ್ಮೆಟ್ಟಿನ ಮೇಲೆ ಎರಡು ಕೈ ಇಟ್ಟುಕೊಂಡು ಒಂದು ಕ್ಷಣ ನಿಂತ. ಆಮೇಲೆ ಅವನೇ ಮಂಡಿಯೂರಿ ಅದೇ ಚಕ್ರ ಬಿಗಿದ. ಗೆಲ್ಲುವ ಆಸೆ ಹೋಗಿತ್ತು, ಆದರೂ ಕಾರನ್ನು ಮತ್ತೆ ಬಿಟ್ಟರು. ನನಗೆ ಮುಂದಕ್ಕೆ ನೋಡುವ ಮನಸ್ಸಾಗಲಿಲ್ಲ.

ಸೋಮವಾರ ರೈಟರು ಬಂದರು. ನಾನು ಎದ್ದು ನಿಂತು ಹೇಳಿದೆ: "ನೀವು ತಂದಿದ್ದು ಸಣ್ ರಿಪೇರಿ. ಹಾಳ್ ಮಾಡಿದ್ದು ನಾನು. ನನ್ ಕೈಲಿ ಆಗ್ಲಿಲ್ಲ ರೈಟ್ರೇ."

ಕೊನೆಯ ಮಾತನ್ನು ಆ ಅಂಗಡಿಯಲ್ಲಿ ನಾನು ಅದುವರೆಗೆ ಆಡಿರಲಿಲ್ಲ. ಅವರು ಕಾಯಿಲನ್ನು ಅಂಗೈಯಲ್ಲಿ ಹೊರಳಿಸಿದರು. ವಾರ್ನಿಶ್ ಯಾಕೆ ಹಾಕಿದಿರಿ ಎಂದು ಕೇಳಿದರು. ಬಾಳಿಕೆ ಬರಲಿ ಎಂದು, ಎಂದೆ. ಬೆಂಗಳೂರಿಗೆ ಕಳಿಸಿ ಮಾಡಿಸುತ್ತೇನೆ ಎಂದು ನಾನು ಹೇಳಿದರೆ, ಶುಕ್ರವಾರದೊಳಗೆ ಬರುತ್ತದೆಯೇ ಎಂದರು. ಬರುವುದಿಲ್ಲ ಎನ್ನಬೇಕಾಯಿತು.

"ಇನ್ನೊಂದ್ ಇದ್ಯಲ್ಲ, ನೋಡುವ," ಎಂದು ಗಿಟಾರು ತೆಗೆದುಕೊಂಡು ಹೋದರು. ಆ ಇನ್ನೊಂದು ಕಾಯಿಲಿನ ಸದ್ದು ಗಂಟಲು ಕಟ್ಟಿದ ಹಾಗೆ ಎಂದು ಅವರು ಅದನ್ನು ಎಂದೂ ಮುಟ್ಟಿದವರಲ್ಲ.

ಶುಕ್ರವಾರ ಹೋಗುವುದೋ ಬೇಡವೋ ಎಂದುಕೊಂಡೇ ಹೋದೆ. ದಿನದ ಕೆಲಸ ಮುಗಿಸಿದ ಆಳುಗಳು ಕಣದ ತುಂಬ ಕೂತಿದ್ದರು. ಧಣಿಗಳು ಹಾರ ಹಾಕಿದ ಮೇಲೆ ರೈಟರು ನುಡಿಸಿದರು. ಸದ್ದು ಮೆದುವಾಗಿತ್ತು, ಹೆಂಗಸರು ಚೆನ್ನಾಗಿದೆ ಎಂದು ಮಾತಾಡಿಕೊಂಡರು. ಎರಡನೆಯ ಹಾಡಿನ ನಡುವೆ, ಹಾಡು ಏರುವ ಕಡೆ, ಅವರ ಕೈ ತಾನಾಗಿಯೇ ಹೋಗಿ ಸ್ವಿಚ್ಚನ್ನು ನಾನು ಹಾಳು ಮಾಡಿದ ಹಳೆಯ ಕಾಯಿಲಿನ ಕಡೆಗೆ ತಿರುಗಿಸಿತು. ಗಿಟಾರಿನ ಸದ್ದು ನಿಂತೇ ಹೋಯಿತು. ಕರೆಂಟು ಹೋಯಿತೇನೋ ಎಂದು ಜನ ಬಲ್ಬು ನೋಡಿದರು. ರೈಟರು ತಲೆ ಎತ್ತದೆ ಸ್ವಿಚ್ಚನ್ನು ಮತ್ತೆ ಈಚೆ ಹಾಕಿದರು. ಬಿಟ್ಟುಹೋದ ಸಾಲನ್ನು ಮೊದಲಿನಿಂದ ಹಿಡಿದರು.