ಹೊರಗೆ ಕೂರುವ ನಿಯಮ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಬೆತ್ತದ ಕುರ್ಚಿ ಹೆಣೆಯುತ್ತಾರೆ. ನಾವಿದ್ದ ಬೀದಿಯಲ್ಲೇ ಮೂಲೆಮನೆ ಅವರದಾಗಿತ್ತು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದೆ ಅಡುಗೆಮನೆ, ಅದರಾಚೆ ಬೆತ್ತ ನೆನೆಹಾಕುವ ಸಿಮೆಂಟಿನ ತೊಟ್ಟಿ. ಮಾವ ಬದುಕಿದ್ದಾಗ ಕಟ್ಟಿದ್ದ ಆ ತೊಟ್ಟಿಯ ಒಂದು ಬದಿ ಓರೆಯಾಗಿತ್ತು. ಅದನ್ನು ಸರಿಮಾಡಲು ಅತ್ತೆ ಯಾರನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಪುರಸಭೆಯವರು ಬಂದು ಬೀದಿಯ ಗೋಡೆಗಳ ಮೇಲೆಲ್ಲ ಕೆಂಪು ಗೆರೆ ಎಳೆದು ಹೋದರು. ರಸ್ತೆ ಅಗಲವಾಗಬೇಕಂತೆ. ಕಿರಾಣಿ ಅಂಗಡಿಯವರಿಗೆ ಅಂಗಡಿಯೇ ಹೋಗುತ್ತಿತ್ತು, ದರ್ಜಿಗೆ ಮೆಟ್ಟಿಲು, ಅತ್ತೆಗೆ ಮುಂದಿನ ಕೋಣೆ. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಬೈದು ಒಳಗೆ ಹೋದರು. ಅತ್ತೆ ಮಾತ್ರ ಕೈಯಲ್ಲಿದ್ದ ಬೆತ್ತ ಕೆಳಗಿಟ್ಟು ಮನೆಮನೆಗೆ ಹೊರಟರು.

"ನಮ್ಮ ಗೋಡೆ ಮೇಲೆ ಗೆರೆ ಎಳೆಯೋಕೆ ನಮ್ಮನ್ನೊಂದು ಮಾತು ಕೇಳಿದ್ರಾ? ಸಂಜೆ ನಮ್ಮನೆಗೆ ಬನ್ನಿ. ಕೂರೋಕೆ ಕುರ್ಚಿಗೇನೂ ಬರ ಇಲ್ಲ."

ಕುರ್ಚಿಗಳೇನೋ ಇದ್ದವು, ಎಲ್ಲ ಗಿರಾಕಿಗಳವು. ಅರ್ಧಕ್ಕರ್ಧ ಕುರ್ಚಿಗಳಿಗೆ ಕೂರುವ ಜಾಗವೇ ಇರಲಿಲ್ಲ. ದರ್ಜಿ ನೋಡದೆ ಅಂಥದ್ದೊಂದರಲ್ಲಿ ಕೂತು ಚೌಕಟ್ಟಿನೊಳಗೆ ಇಳಿದುಹೋದ. ಇಬ್ಬರು ಹಿಡಿದು ಎಳೆಯಬೇಕಾಯಿತು.

"ಸಂಘ ಶುರುವಾಗೋ ಮೊದಲೇ ಒಬ್ಬ ಸದಸ್ಯ ಸಿಕ್ಕಿಹಾಕ್ಕೊಂಡ," ಅಂದರು ಅಂಗಡಿಯವರು.

ಅತ್ತೆಯನ್ನೇ ಅಧ್ಯಕ್ಷೆ ಮಾಡಿದರು. ಆದರೆ ಮೊದಲ ಸಭೆಗಳಲ್ಲಿ ಬರೀ ಜಗಳ. ಪ್ರತಿಯೊಬ್ಬರೂ ತಮ್ಮ ಮನೆಯ ಮಾತನ್ನೇ ಹಿಡಿದು ಜಗ್ಗುತ್ತಿದ್ದರು. ಆಗ ಅತ್ತೆ ಒಂದು ನಿಯಮ ಮಾಡಿದರು. ಯಾರ ಮನೆಯ ವಿಷಯ ಬರುತ್ತದೋ ಅವರು ಎದ್ದು ಹೊರಗಿನ ಕಟ್ಟೆಯ ಮೇಲೆ ಕೂರಬೇಕು. ಬಾಗಿಲು, ಕಿಟಕಿ ಹಾಕಿಕೊಂಡು ಉಳಿದವರು ತೀರ್ಮಾನ ಮಾಡುವುದು.

"ಅದೆಂಥ ನ್ಯಾಯ ಅಕ್ಕ? ನಮ್ಮನೆ ಮಾತಿಗೆ ನಾವೇ ಇರಬಾರ್ದಾ?" ದರ್ಜಿ ಕೇಳಿದ.

"ನಿನ್ನ ಪರವಾಗಿ ನಾವು ಮಾತಾಡ್ತೀವಿ ಕಣೋ. ನೀನಿದ್ರೆ ನಮಗೆಲ್ಲಿ ಬಾಯಿ ತೆಗೆಯೋಕೆ ಬಿಡ್ತೀಯ?"

ಗೊಣಗುತ್ತಲೇ ಅವನು ಹೊರಗೆ ಹೋದ. ಅವನೊಡನೆ ಅಷ್ಟಕ್ಕಷ್ಟೇ ಇದ್ದ ಅಂಗಡಿಯವರೇ ಅಂದು ಅವನ ಮೆಟ್ಟಿಲಿಗಾಗಿ ಗಂಟಲು ಹರಿಯುವಂತೆ ವಾದಿಸಿದರು. ಆಮೇಲೆ ಯಾರೂ ಹೊರಗೆ ಕೂರಲು ಹೆದರಲಿಲ್ಲ. ಎದುರಿಗಿಲ್ಲದವರ ಬಗ್ಗೆ ನಮ್ಮ ಬೀದಿಯವರು ಅಷ್ಟು ಚೆನ್ನಾಗಿ ಮಾತಾಡಿದ್ದು ಅದೇ ಮೊದಲಿರಬೇಕು. ಹಾಗೆ ಒಂದಾಗಿ ಅವರು ವಕೀಲರನ್ನು ಹಿಡಿದರು, ಸಂಘದ ಹೆಸರಲ್ಲಿ ಕೇಸು ಹಾಕಿ ಕೋರ್ಟಿನಿಂದ ತಡೆ ತಂದರು. ಗೆರೆಗಳ ಮೇಲೆ ಸುಣ್ಣ ಬಳಿದರು.

ಕೆಲವು ತಿಂಗಳ ನಂತರ ಪುರಸಭೆಯ ಇಂಜಿನಿಯರ್ ಒಂದು ಮಾತು ಹೇಳಿ ಕಳಿಸಿದರು. ರಸ್ತೆಯನ್ನು ಮೂಲೆಯಲ್ಲೇ ತಿರುಗಿಸಿ ಹಿಂದಿನ ಖಾಲಿ ಜಾಗದ ಮೇಲೆ ಒಯ್ಯಬಹುದು. ಬೀದಿಯ ಬೇರೆ ಯಾವ ಮನೆಯನ್ನೂ ಮುಟ್ಟುವುದಿಲ್ಲ. ಆದರೆ ಮೂಲೆಮನೆ ಪೂರ್ತಿ ಬೇಕು. ಸಂಘ ಕೇಸು ಹಿಂತೆಗೆದುಕೊಂಡರೆ ಸಾಕು.

ಆ ಸಂಜೆ ಸಭೆಗೆ ಬಂದವರು ಯಾರೂ ಅತ್ತೆಯ ಮುಖ ನೋಡಲಿಲ್ಲ. ಅತ್ತೆ ತಾವೇ ಎದ್ದರು.

"ಇವತ್ತು ನನ್ನ ಸರದಿ ಅಲ್ವಾ."

"ನೀವು ಇರಿ ಅಕ್ಕ, ಪರವಾಗಿಲ್ಲ," ಅಂದರು ಅಂಗಡಿಯವರು.

"ನಿಯಮ ಅಂದ್ಮೇಲೆ ನನಗೂ ಅದೇ."

ಕಿಟಕಿಯನ್ನು ಅವರೇ ಮುಚ್ಚಿದರು. ಬಾಗಿಲನ್ನೂ ಅವರೇ ಎಳೆದುಕೊಂಡರು.

ಒಳಗೆ ಆದದ್ದನ್ನು ಅಪ್ಪ ಆಮೇಲೆ ಅಮ್ಮನ ಹತ್ತಿರ ಹೇಳಿದರು.  ಮೊದಲು ದರ್ಜಿ, "ಅವ್ರು ಒಬ್ಬರೇ ಇರೋದು, ಎಲ್ಲಾದ್ರೂ ನಡೆಯುತ್ತೆ," ಅಂದ. ಅಂಗಡಿಯವರು, "ಪರಿಹಾರ ಜಾಸ್ತಿ ಕೇಳೋಣ," ಅಂದರು. ಬೇಡ ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಕೈಗಳು ಒಂದೊಂದಾಗಿ ಮೇಲೆದ್ದವು. ಅಪ್ಪನದು ಕೊನೆಯದು.

"ಕೊನೇದೋ ಮೊದಲಿಂದೋ, ಎತ್ತಿದ್ರಲ್ಲ," ಅಂದಳು ಅಮ್ಮ.

ಸಭೆ ಮುಗಿದ ಮೇಲೆ ಅಪ್ಪನನ್ನು ಬಿಟ್ಟು ಎಲ್ಲರೂ ಅಡುಗೆಮನೆಯ ಬಾಗಿಲಿನಿಂದ, ತೊಟ್ಟಿಯನ್ನು ಸುತ್ತಿಕೊಂಡು ಹೊರಟುಹೋದರು. ಮುಂಬಾಗಿಲಿನಿಂದ ಹೋಗಿದ್ದರೆ ಅತ್ತೆಯನ್ನು ದಾಟಿ ಹೋಗಬೇಕಿತ್ತು. ಅವರು ಕರೆಗಾಗಿ ಕಾಯುತ್ತ ಕಟ್ಟೆಯ ಮೇಲೆ ಕೂತೇ ಇದ್ದರು. ಖಾಲಿ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ಅಪ್ಪ ಬಾಗಿಲು ತೆಗೆದು ವಿಷಯ ಹೇಳಿದರು. ಅತ್ತೆ ತಲೆಯಾಡಿಸಿದರು.  ಕೇಸು ಹಿಂತೆಗೆಯುವ ಕಾಗದಕ್ಕೆ ಸಂಘದ ಪರವಾಗಿ ಸಹಿ ಹಾಕಬೇಕಾದವರೂ ಅವರೇ. ಹಾಕಿದರು.

ನಮ್ಮ ಮನೆಗೆ ಬನ್ನಿ ಎಂದು ಅಮ್ಮ ಎಷ್ಟು ಕರೆದರೂ ಅವರು ಬರಲಿಲ್ಲ. ದೂರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ ನೋಡಿಕೊಂಡರು. ಅಲ್ಲಿ ಬೆತ್ತ ನೆನೆಹಾಕಲು ಬಚ್ಚಲಿನ ಬಕೆಟ್ಟೇ ಗತಿ.

ಸಾಮಾನು ಸಾಗಿಸಿದ ದಿನ ಅಪ್ಪ ಕೈಗಾಡಿ ತಳ್ಳುತ್ತಿದ್ದರು, ಅತ್ತೆ ಪಕ್ಕದಲ್ಲಿ ಪಾತ್ರೆಯ ಮೂಟೆ ಹಿಡಿದು ನಡೆಯುತ್ತಿದ್ದರು. ಬೀದಿಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ದೊಡ್ಡ ರಸ್ತೆ ಸೇರಿದ ಮೇಲೆ ಅತ್ತೆ ಮೆಲ್ಲಗೆ ಅಪ್ಪನನ್ನು ಕೇಳಿದರು.

"ಪುಟ್ಟ, ಅವತ್ತು ನನ್ನ ಪರವಾಗಿ ಯಾರು ಮಾತಾಡಿದ್ರೋ?"

"ಎಲ್ಲರೂ ಮಾತಾಡಿದ್ರು ಅಕ್ಕ."

"ಹಾಗಲ್ಲ, ಜಾಸ್ತಿ ಯಾರು? ಅವರ ಮನೆಗೆ ಹೋಗಿ ಒಂದು ಮಾತು ಹೇಳಿ ಬರ್ತೀನಿ. ಹೇಳದೆ ಹೋದ್ರೆ ಚೆನ್ನಾಗಿರಲ್ಲ."

ಅತ್ತೆ ಬೀದಿಯ ಕಡೆ ತಿರುಗಿ ನಿಂತೇಬಿಟ್ಟರು. ಅಪ್ಪ ಗಾಡಿಯ ಹಿಡಿಯನ್ನು ಬಿಡಲಿಲ್ಲ. ಗಾಡಿಯನ್ನು ಮುಂದಕ್ಕೇ ತಳ್ಳಿದರು.