ಕುಮುದಾ ಕಾಕು ವಾಪಸ್ ತಗೊಂಡ ಮಾತು

ನಾರಾಯಣಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕುಮುದಾ ಕಾಕುವನ್ನು ಕೇಳದೆ ಯಾರೂ ಮಿಕ್ಸರ್ ಕೊಳ್ಳುವುದಿಲ್ಲ. ಅಂದರೆ, ಹೋದ ತಿಂಗಳವರೆಗೆ ಕೊಳ್ಳುತ್ತಿರಲಿಲ್ಲ.

ರಾಯಚೂರು ಕಡೆಯ ಕಾಕು ಈ ತೆಲುಗು ಊರಿನ ಮಿಕ್ಸರ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಮೋಟಾರಿಗೆ ತಾಮ್ರದ ತಂತಿ ಸುತ್ತಿದವರು. ನಿವೃತ್ತರಾಗಿ ಮೂರು ವರ್ಷವಾಯಿತು. ತೋರುಬೆರಳಿನ ಮೇಲೆ ತಂತಿ ಎಳೆದ ಗೀರು ಇನ್ನೂ ಇದೆ. ನನ್ನ ಎಂಟು ತಿಂಗಳ ನಚಿಕೇತ ಆ ಬೆರಳನ್ನೇ ಹಿಡಿದು ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಾನೆ. ಮೊದಲೆಲ್ಲ ಯಾರ ಮನೆಯ ಮಿಕ್ಸರ್ ಕೆಟ್ಟರೂ ಕಾಕು ಕಾರ್ಖಾನೆಗೆ ಫೋನ್ ಮಾಡುತ್ತಿದ್ದರು. ಸರ್ವಿಸ್ ವಿಭಾಗದ ಉಪೇಂದ್ರ ಡ್ಯೂಟಿ ಮುಗಿಸಿ ಬಂದು ಸರಿಮಾಡಿ, ಚಹಾ ಕುಡಿದು ಹೋಗುತ್ತಿದ್ದರು.

ದಸರೆಗೆ ಮೊದಲು ಅದೇ ಕಂಪನಿಯ ಹೆಸರು ಹೇಳಿ ಇಬ್ಬರು ಹುಡುಗಿಯರು ಕ್ಯಾಮೆರಾ ತಂದರು. ಕಾಕು ಇಳಕಲ್ ಸೀರೆ ಉಟ್ಟು, ತೆಲುಗಿನಲ್ಲಿ ಅವರು ಹೇಳಿಕೊಟ್ಟದ್ದನ್ನೇ ಹೇಳಿದರು: ಇದು ನಾವು ಸುತ್ತಿದ ಮೋಟಾರು, ಕೆಟ್ಟರೆ ಒಂದೇ ದಿನದಲ್ಲಿ ನಮ್ಮವರು ಮನೆಗೆ ಬರುತ್ತಾರೆ. "ನಮ್ಮವರು ಅಂದ್ರ ಉಪೇಂದ್ರನ ಮಂದಿ ಹೌದಲ್ಲವಾ?" ಎಂದು ಮೊದಲೇ ಕೇಳಿದ್ದರು. ಹುಡುಗಿಯರು ಹೂಂ ಅಂದಿದ್ದರು. ವಿಡಿಯೋ ನೋಡಿ ನಮ್ಮ ಅಪಾರ್ಟ್‌ಮೆಂಟಿನ ಭಜನಾ ಮಂಡಳಿಯ ಐದು ಮನೆಯವರು ಅದೇ ಮಿಕ್ಸರ್ ಕೊಂಡರು. ಐದನೆಯ ಮನೆ ನನ್ನದು.

ನಾಲ್ಕೇ ತಿಂಗಳಿಗೆ, ನಚಿಕೇತನ ಅಂಬಲಿಗೆ ರಾಗಿ ಪುಡಿ ಮಾಡುವಾಗ, ಮಿಕ್ಸರ್ ನಿಂತುಹೋಯಿತು. ಸಹಾಯವಾಣಿಯವರು ಫೋಟೋ ಕಳಿಸಿ ಅಂದರು. ಕಳಿಸಿದೆ. ಮರುದಿನ ಉತ್ತರ ಬಂತು: ನೀರು ಹೋಗಿ ಮೋಟಾರ್ ಸುಟ್ಟಿದೆ, ವಾರಂಟಿ ಇಲ್ಲ.

ಕಾಕು ಮಿಕ್ಸರಿನ ಗಾಳಿಕಿಂಡಿಗೆ ಮೂಗು ಹಚ್ಚಿ ಮೂಸಿದರು. "ಸುಟ್ಟ ತಂತಿ ವಾಸನಿ ವಾರ ಕಳದರೂ ಹೋಗಂಗಿಲ್ಲ. ಇದು ಸುಟ್ಟಿಲ್ಲ ಬಿಡು." ನನ್ನ ಫೋನ್ ತಗೊಂಡು ಸ್ಪೀಕರ್ ಹಾಕಿದರು. ಮಾತಾಡಿದ್ದು ಹಿಂದಿಯಲ್ಲಿ, ನನ್ನ ನೆನಪಿನಲ್ಲಿ ಉಳಿದದ್ದು ಹೀಗೆ:

"ಸುಟ್ಟೈತಿ ಅಂದೀಯಲ್ಲಪಾ, ಬಿಚ್ಚಿ ನೋಡೀಯೇನು?"

"ಫೋಟೋ ನೋಡಿ ಹೇಳಿದ್ದು ಮೇಡಂ."

"ಫೋಟೋಕ್ಕ ವಾಸನಿ ಬರತೈತೇನು? ಉಪೇಂದ್ರಗ ಫೋನ್ ಕೊಡು."

"ಅಂಥವರು ಇಲ್ಲಿ ಇಲ್ಲ ಮೇಡಂ. ನಾವು ಕಂಪನಿಯವರಲ್ಲ. ಗೀಜರು, ಫ್ಯಾನು, ಮಿಕ್ಸರು, ಎಲ್ಲ ಕಂಪನಿಗಳ ಕರೆ ನಮಗೇ ಬರುತ್ತೆ."

"ಈ ಮಿಕ್ಸರ್ ಒಮ್ಮೆನಾದ್ರೂ ಕಣ್ಣಿಂದ ನೋಡೀಯೇನು?"

"ಇಲ್ಲ ಮೇಡಂ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಒಂದು ಕಾಗದ ಕೊಟ್ಟು ಕೂರಿಸಿದ್ದಾರೆ, ಪಾಪ ಓದುತ್ತಾನೆ. ಸಿಟ್ಟಿರುವುದು ಕಂಪನಿಯ ಮೇಲೆ. ಮಾರುವಾಗ ಕಾಕುವಿನ ಮುಖ ಬೇಕಾಯಿತು. ಕೆಟ್ಟಾಗ ಎದುರಿಗೆ ಬಂದು ನಿಲ್ಲಲು ಅವರ ಕಡೆ ಒಂದು ಮುಖವೂ ಇಲ್ಲ.

ಮರುದಿನ ಕಾಕು ಮಿಕ್ಸರನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಾರ್ಖಾನೆಗೇ ಹೋದರು. ಗೇಟಿನಲ್ಲಿದ್ದ ಹೊಸ ವಾಚ್‌ಮನ್, ಸರ್ವಿಸ್ ವಿಭಾಗ ಮುಚ್ಚಿ ವರ್ಷವಾಯಿತು ಎಂದು ಹೇಳಿ ಅದೇ ಸಹಾಯವಾಣಿಯ ನಂಬರಿದ್ದ ಚೀಟಿ ಕೊಟ್ಟ. ಇಪ್ಪತ್ತೇಳು ವರ್ಷ ಒಳಗೆ ಹೋಗಿ ಬಂದ ಗೇಟದು.

ವಾಪಸ್ ಬರುವಾಗ ಮೆಟ್ಟಿಲ ಮೇಲೆ ಮಂಡಳಿಯ ಸಾವಿತ್ರಿಬಾಯಿ ಇನ್ನೊಬ್ಬರಿಗೆ ಹೇಳುತ್ತಿದ್ದದ್ದು ಕಾಕುವಿಗೆ ಕೇಳಿಸಿತು: "ಸುಮ್ನ ಯಾರ್ರೀ ಹೇಳ್ತಾರ? ಕಂಪನಿಯವರು ಕುಮುದಾಬಾಯಿಗೆ ಏನರೆ ಕೊಟ್ಟಿರಬೇಕು." ಕೊಟ್ಟದ್ದು ಒಂದು ಡಬ್ಬಿ ಸೋನ್‌ಪಾಪಡಿ. ಅದನ್ನೂ ಕಾಕು ಮಂಡಳಿಗೇ ಹಂಚಿದ್ದರು.

ಕಾಕು ಸೀದಾ ನಮ್ಮ ಮನೆಗೆ ಬಂದು ಸ್ಕ್ರೂಡ್ರೈವರ್ ಕೇಳಿದರು. "ಸೀಲ್ ಹರದರ ವಾರಂಟಿ ಪೂರಾ ಹೋಗತೈತಿ ಸಂಪದಾ. ಹರೀಲೇನು?"

"ಹರೀರಿ ಕಾಕು. ಅದು ಇದ್ದಾದರೂ ಏನ್ ಮಾಡೇತಿ?"

ಒಳಗೆ ತಾಮ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ನೀರಿನ ಗುರುತಿಲ್ಲ, ಸುಟ್ಟ ಗುರುತಿಲ್ಲ. ಒಂದು ಸಣ್ಣ ವೈರು ಜಾಗ ಬಿಟ್ಟಿತ್ತು, ಅಷ್ಟೇ. ಹತ್ತು ನಿಮಿಷದಲ್ಲಿ ಕೂಡಿಸಿದರು. ಮಿಕ್ಸರ್ ಗುರ್ರೆಂದಿತು. ಬೆಚ್ಚಿ ಅಳತೊಡಗಿದ ನಚಿಕೇತನನ್ನು ಕಂಕುಳಲ್ಲಿ ಎತ್ತಿಕೊಂಡೇ ರಾಗಿ ಹಾಕಿದೆ. ಕಾಕುವಿಗೆ ಮಾತ್ರ ಖುಷಿಯಿರಲಿಲ್ಲ. "ನಮ್ಮ ಕಾರ್ಖಾನಿ ಹುಡಿಗ್ಯಾರು ಎಷ್ಟ್ ಚಲೋ ಸುತ್ಯಾರ ನೋಡು," ಅಂದರು.

ಶುಕ್ರವಾರ ಭಜನೆ ಮುಗಿದ ಮೇಲೆ ಎದ್ದು ನಿಂತರು. "ಮಿಕ್ಸರ್ ಚಲೋ ಐತಿ. ಆದ್ರ ಕೆಟ್ಟರ ನಮ್ಮವರು ಬರತಾರ ಅಂದಿದ್ದೆ, ಅದು ಸುಳ್ಳಾತು. ಆ ಮಾತು ವಾಪಸ್ ತಗೊಳ್ಳಾಕತ್ತೀನಿ. ನಿಮ್ಮ ಐದು ಮನಿಗೂ ನಾನೇ ಬಂದು ನೋಡತೀನಿ. ಆರನೇ ಮನಿಗೆ ತಗೋರಿ ಅಂತ ಮಾತ್ರ ಹೇಳಂಗಿಲ್ಲ."

ಮೊದಲು ಸಾವಿತ್ರಿಬಾಯಿಯೇ ಸೆರಗು ಸರಿಮಾಡಿಕೊಂಡು, "ನಮ್ಮದೂ ಯಾಕೋ ಕರಕರ ಅನ್ನಾಕತ್ತೈತ್ರಿ," ಅಂದರು.

ನಿನ್ನೆ ಕ್ಯಾಮೆರಾದ ಹುಡುಗಿ ಫೋನ್ ಮಾಡಿದ್ದಳು. ಯುಗಾದಿಗೆ ಇನ್ನೊಂದು ವಿಡಿಯೋ ಬೇಕಂತೆ. ಕಾಕು, ಮೊದಲು ಹಳೆಯದನ್ನು ತೆಗೆಯಿರಿ ಅಂದರು. ಆಫೀಸಿನಲ್ಲಿ ಕೇಳಿ ಹೇಳ್ತೀನಿ ಆಂಟಿ, ಅಂದಳು. ಯಾವ ಆಫೀಸು, ಕಂಪನಿಯದೇ? ಅಲ್ಲ ಆಂಟಿ, ನಾವು ಬೇರೆ ಏಜೆನ್ಸಿ.

ಇವತ್ತು ಬೆಳಿಗ್ಗೆಯೂ ನನ್ನ ಫೋನಿನಲ್ಲಿ ಆ ವಿಡಿಯೋ ಜಾಹೀರಾತಾಗಿ ಬಂತು. ಇಳಕಲ್ ಸೀರೆಯ ಕಾಕು ಅದರಲ್ಲಿ ಇನ್ನೂ ನಗುನಗುತ್ತ ನಮ್ಮವರು ಬರುತ್ತಾರೆ ಅನ್ನುತ್ತಿದ್ದರು. ನಿಜವಾದ ಕಾಕು ಆಗ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು ಸಾವಿತ್ರಿಬಾಯಿಯ ಮನೆಗೆ ಹೊರಟಿದ್ದರು.