ಲೆನ್ಸು ಭಾರ ಎಂದುಕೊಂಡ ಚಳಿಗಾಲ

ಆ ಚಳಿಗಾಲದಲ್ಲಿ ನಾನು ನನ್ನ ಲೆನ್ಸನ್ನು ಬೈದಷ್ಟು ಯಾರೂ ಯಾವ ಜಡವಸ್ತುವನ್ನೂ ಬೈದಿರಲಿಕ್ಕಿಲ್ಲ. ಸಂತಪುರದ ಕಡೆಯ ಹುಲ್ಲುಬಯಲಿನಲ್ಲಿ ತೆಗೆದ ಹಕ್ಕಿಗಳ ಫೋಟೊಗಳನ್ನು ಭಾಲ್ಕಿಯ ಮನೆಗೆ ತಂದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದರ ಕಣ್ಣೂ ನೆಟ್ಟಗಿಲ್ಲ. ರೆಕ್ಕೆಗೆ ಎರಡೆರಡು ಅಂಚು. ಈ ದರಿದ್ರ ಲೆನ್ಸು ಒಳಕಲ್ಲಿನಷ್ಟು ಭಾರ, ಎತ್ತಿ ಹಿಡಿದರೆ ಕೈ ಸೋಲದೆ ಇನ್ನೇನಾಗುತ್ತದೆ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲೂ ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಗುರದ್ದು ತಗೊಳ್ಳಿ ಮೇಡಂ, ಈಗ ಎಷ್ಟು ಸಣ್ಣ ಕ್ಯಾಮೆರಾ ಬಂದಿವೆ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನೂ ಹೂಂ ಎಂದೆ. ಹೂಂ ಅನ್ನುವಾಗ ಬಲಗೈ ಸೆರಗಿನೊಳಗಿತ್ತು.

ನನ್ನ ಅಂಜಿಕೆಗೂ ಲೆನ್ಸಿಗೂ ಸಂಬಂಧವೇ ಇರಲಿಲ್ಲ. ಅಪ್ಪನಿಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸಿನಲ್ಲೇ ಬಲಗೈ ನಡುಗಲು ಶುರುವಾಗಿತ್ತು. ಅಪ್ಪ ಸಾಲಿ ಮಾಸ್ತರರು, ಬೋರ್ಡಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವರು. ಮೊದಲು ಹಿತ್ತಾಳೆ ಚರಿಗೆ ಭಾರವೆಂದು ಸ್ಟೀಲಿನದು ತರಿಸಿದರು. ಆಮೇಲೆ ಅದೂ ಭಾರವೆಂದು ಪ್ಲಾಸ್ಟಿಕ್ ಮಗ್ಗು ಬಂತು. ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಕುಡಿಯುವುದನ್ನು ಬಿಟ್ಟರು, ಬಸಿ ಹಿಡಿದರೆ ಧೋತರದ ಮೇಲೆಲ್ಲ ಚೆಲ್ಲುತ್ತಿತ್ತು. ಅವರು ಸಾಯುವತನಕ ಅವ್ವ ಅವರಿಗೆ ಕಪ್ಪು ತುಂಬ ಚಹಾ ಕೊಡಲಿಲ್ಲ. ಅರ್ಧವನ್ನು ತನ್ನ ಬಸಿಗೆ ಸುರುವಿಕೊಂಡು, ಉಳಿದ ಅರ್ಧ ಕಪ್ಪನ್ನು ಅವರ ಮುಂದೆ ಇಡುತ್ತಿದ್ದಳು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಕಡೆಕಡೆಗೆ ತುತ್ತು ಎತ್ತಲಿಕ್ಕೂ ಅವರಿಗೆ ಅವ್ವ ಬೇಕಾದಳು.

ಹಾಗಾಗಿ ಹಗುರ ಕ್ಯಾಮೆರಾ ಎಂದರೆ ನನಗೆ ಅಂಜಿಕೆ. ಭಾರದ್ದು ಇರುವತನಕ ತಪ್ಪು ಅದರದು. ಹಗುರದ್ದು ಹಿಡಿದಾಗಲೂ ನಡುಗಿದರೆ ಯಾರನ್ನು ಬೈಯಲಿ? ಡಾಕ್ಟರ ಹತ್ತಿರ ಹೋಗುವ ಮಾತು ಮನಸ್ಸಿನಲ್ಲಿ ಬಂದಾಗಲೆಲ್ಲ ಪರೀಕ್ಷೆ ಪೇಪರು ತಿದ್ದುವುದಿದೆ ಎಂದುಕೊಳ್ಳುತ್ತಿದ್ದೆ. ಕ್ಯಾಮೆರಾ ಅಂಗಡಿಗಾದರೂ ಹೋಗದಿದ್ದರೆ ಹೇಡಿತನ ಎಂದು ಒಂದು ಶನಿವಾರ ಬೀದರಿಗೆ ಹೋದೆ.

ಮದುವೆ ಫೋಟೊ ತೆಗೆಯುವವರ ಅಂಗಡಿ ಅದು, ಬಾಡಿಗೆಗೂ ಕೊಡುತ್ತಾರೆ. ಮಾಲೀಕರು ಕ್ಯಾಮೆರಾವನ್ನೂ ಉದ್ದ ಲೆನ್ಸನ್ನೂ ಜೋಡಿಸಿ ನನ್ನ ಕೈಗಿಟ್ಟರು. ಅಯ್ಯೋ, ಏನು ಹಗುರ! ಒಳಗೆ ಏನಾದರೂ ಇದೆಯೋ ಇಲ್ಲವೋ ಅನ್ನಿಸಿತು. ಪೂರ್ತಿ ಮಡಚಿದರೆ ನನ್ನ ಕಾಲೇಜಿನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕ ಕೂರುತ್ತದೆ. ಬೆಳಕು ಕಡಿಮೆ ಹಿಡಿಯುತ್ತದೆ, ಹೊತ್ತು ಏರುವತನಕ ಸ್ವಲ್ಪ ತ್ರಾಸು ಎಂದು ಅವರೇ ಪ್ರಾಮಾಣಿಕವಾಗಿ ಹೇಳಿದರು. ಆಮೇಲೆ ಲೆನ್ಸಿನ ಮಗ್ಗುಲಿನ ಸಣ್ಣ ಗುಂಡಿಯೊಂದನ್ನು ಬೆರಳಿನಿಂದ ತೋರಿಸಿದರು.

“ಈ ಖಟ್ಕಾ ಚಾಲೂ ಇಟ್ಟರ, ಕೈ ನಡಗಿದ್ರೂ ಫೋಟೊ ನಡಗಂಗಿಲ್ಲ ನೋಡ್ರಿ ಮೇಡಂ.”

ಪಾಪ, ಅವರು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈ ಹಿಂದಕ್ಕೆಳೆದುಕೊಂಡೆ. ಒಂದು ದಿನದ ಬಾಡಿಗೆಗೆ ಕೊಡಿ, ನೋಡಿ ಹೇಳುತ್ತೇನೆ ಎಂದೆ. ಖಟ್ಕಾ ಬಂದ್ ಮಾಡಿ ನೋಡುವ ಧೈರ್ಯ ಅಲ್ಲಿ ಬರಲಿಲ್ಲ.

ಮರುದಿನ ನಸುಕಿನಲ್ಲಿ ಔರಾದಿನ ಕಡೆ ಹೊರಟಾಗ ಅವ್ವ ತಾನೂ ಬರುತ್ತೇನೆಂದಳು, ಎಕಂಬಾದಲ್ಲಿ ಅವಳ ತಂಗಿ ಇದ್ದಾಳೆ. ಸಂತಪುರ ದಾಟಿದ ಮೇಲೆ ಕಡಲೆ ಹೊಲದಲ್ಲಿ ಚಿಗರಿಗಳು ಕಂಡವು. ಕಾರು ನಿಲ್ಲಿಸಿದೆ. ಇಳಿದರೆ ಓಡಿಹೋಗುತ್ತವೆ, ಕಾರಿನೊಳಗೇ ಕೂತರೆ ಹೆದರುವುದಿಲ್ಲ. ಹಳೆಯ ಲೆನ್ಸಾಗಿದ್ದರೆ ಜೋಳ ತುಂಬಿ ಹೊಲಿದ ಚೀಲವನ್ನು ಕಿಟಕಿಯ ಮೇಲಿಟ್ಟು ಅದರ ಮೇಲೆ ಒರಗಿಸುತ್ತಿದ್ದೆ. ಈ ಸಲ ಕೈಯಲ್ಲೇ ಹಿಡಿದೆ. ಕರಿಯ ಗಂಡು ಚಿಗರಿಯೊಂದು ಕೋಡು ಎತ್ತಿ ನಮ್ಮನ್ನೇ ನೋಡುತ್ತಿತ್ತು. ಹಿಂದಿನ ಪರದೆಯಲ್ಲಿ ನೋಡಿದರೆ ಫೋಟೊ ಸ್ವಚ್ಛ, ಕಣ್ಣಿನ ರೆಪ್ಪೆಗೂದಲು ಕೂಡ ಎಣಿಸಬಹುದು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇದು ಖಟ್ಕಾದ ಫೋಟೊ, ನನ್ನದಲ್ಲ ಅನ್ನಿಸಿ ಖಟ್ಕಾದ ಮೇಲೆ ಬೆರಳಿಟ್ಟೆ.

ಬಂದ್ ಮಾಡಿದೆ.

ಚಿಗರಿ ನಡುಗತೊಡಗಿತು. ಕೋಡು ಅದುರಿತು, ಹೊಲ ಅದುರಿತು. ಉಸಿರು ಹಿಡಿದೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೆ. ನಿಲ್ಲಲಿಲ್ಲ. ಚಳಿ ಇರಬಹುದು ಎಂದುಕೊಂಡೆ, ಬೀದರ ಜಿಲ್ಲೆಯ ಚಳಿ ಎಂದರೆ ಸುಮ್ಮನೆ ಅಲ್ಲ. ಕಾರಿನ ಇಂಜಿನ್ ಇರಬಹುದು ಎಂದು ನೋಡಿದರೆ ಅದನ್ನು ಆಗಲೇ ಆರಿಸಿದ್ದೆ. ದೇವರೇ, ಯಾರಾದರೂ ಬೇರೆ ಕಾರಣ ಹೇಳಲಿ ಅನ್ನಿಸಿತು. ಪಕ್ಕದಲ್ಲಿ ಅವ್ವನ ಬಿಟ್ಟರೆ ಯಾರೂ ಇರಲಿಲ್ಲ.

“ಅವ್ವಾ, ಆ ಚಿಗರಿ ಚಳಿಗಿ ನಡಗಲತ್ತದ ನೋಡು” ಎಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಅವ್ವ ಕೈ ಚಾಚಿದಳು. ಖಟ್ಕಾ ಬಂದ್ ಇದ್ದಂತೆಯೇ ಕ್ಯಾಮೆರಾ ಕೊಟ್ಟೆ. ಹಳೆಯ ಲೆನ್ಸಾಗಿದ್ದರೆ ಅವಳು ಎತ್ತುತ್ತಲೇ ಇರಲಿಲ್ಲ, ಹೋಗೇ ನಿನ್ನ ಬಂಡಿ ನೀನೇ ಹೊತ್ಕೋ ಅನ್ನುತ್ತಿದ್ದಳು. ಇದು ಹಗುರ. ಎಪ್ಪತ್ತು ದಾಟಿದ ಹೆಂಗಸು, ಚಳಿಗೆ ಕಿವಿ ಮುಚ್ಚುವಂತೆ ಸೆರಗು ಹೊದ್ದುಕೊಂಡು, ಚಾಳೀಸು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ನಾನು ಅವಳ ಕೈ ನೋಡುತ್ತಿದ್ದೆ. ರೊಟ್ಟಿ ಬಡಿದು ಬಡಿದು ಗಂಟಾದ ಬೆರಳುಗಳು ಅಲುಗಲಿಲ್ಲ.

“ಇಲ್ಲವ್ವ” ಎಂದಳು. “ಅದು ಗಪ್ಪ ನಿಂತದ.”

ಕ್ಯಾಮೆರಾ ಇಳಿಸಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಬಲಗೈ. ನಾನು ಸೆರಗಿನೊಳಗೆ ಇಟ್ಟುಕೊಳ್ಳುವಷ್ಟರಲ್ಲಿ ನೋಡಿಬಿಟ್ಟಿದ್ದಳು. ಎಕಂಬಾಕ್ಕೆ ಇನ್ನೊಮ್ಮೆ ಹೋದರಾಯಿತು, ಮನೆಗೆ ನಡಿ ಎಂದಷ್ಟೇ ಹೇಳಿದಳು.

ಹಿಂದಿರುಗುವಾಗ ಸಂತಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಹೋಟೆಲಿನವರು ಎರಡು ಕಪ್ಪು ಬಸಿ ತಂದಿಟ್ಟರು, ತುಂಬಿ ತುಳುಕುತ್ತಿದ್ದವು. ಕೈ ಹಾಕಲೋ ಬೇಡವೋ ಎಂದು ನಾನು ಕೂತಿದ್ದೆ. ಅವ್ವ ನನ್ನ ಕಪ್ಪನ್ನು ತನ್ನ ಕಡೆ ಎಳೆದುಕೊಂಡಳು. ಅರ್ಧ ಚಹಾವನ್ನು ತನ್ನ ಬಸಿಗೆ ಸುರುವಿಕೊಂಡು, ಉಳಿದ ಅರ್ಧ ಕಪ್ಪನ್ನು ನನ್ನ ಮುಂದೆ ಇಟ್ಟಳು.